ಫೋನ್ ಹಚ್ಚಿದ್ದು ಖರೆ, ಗುಳಿಗಿ ನುಂಗಿದ್ದು?

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಕ್ಷಯಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಹಮಾಲರೊಬ್ಬರ ಪುಟ ಕಂಪ್ಯೂಟರಿನಲ್ಲಿ ಅಚ್ಚ ಹಸಿರಾಗಿತ್ತು. ಹಸಿರು ಎಂದರೆ ಆ ದಿನ ರೋಗಿಯ ಫೋನ್ ಕರೆ ಬಂದಿದೆ, ಮಾತ್ರೆ ಹೊಟ್ಟೆಗೆ ಹೋಗಿದೆ ಎಂದು ಲೆಕ್ಕ. ಕೆಂಪು ಬಿದ್ದರೆ ತಪ್ಪಿದೆ ಎಂದು. ಎರಡು ತಿಂಗಳಲ್ಲಿ ಒಂದೂ ಕೆಂಪಿಲ್ಲ. ಕಫ ಪರೀಕ್ಷೆ ಮಾತ್ರ ಇನ್ನೂ ಪಾಸಿಟಿವ್.

ಮನೆಗೆ ಹೋದೆವು. ಮಾಡದಲ್ಲಿ ಒಂದು ಹಳೆಯ ಚಹಾಪುಡಿ ಡಬ್ಬಿ, ಅದರ ತುಂಬ ಬಿಡಿಸಿಟ್ಟ ಗುಳಿಗೆಗಳು. "ನುಂಗಿದ್ರ ಹೊಟ್ಯಾಗ ತೊಳಸ್ತದ್ರಿ ಸಾಹೇಬ್ರ. ಆದ್ರ ಫೋನ್ ಹಚ್ಚೋದು ಒಂದು ದಿನಾನೂ ಬಿಟ್ಟಿಲ್ಲ ನೋಡ್ರಿ" ಎಂದರು. ಅವರ ದನಿಯಲ್ಲಿ ಅಳುಕೇನೂ ಇರಲಿಲ್ಲ. ಕರೆ ತಪ್ಪಿದರೆ ಆಗ ತಿಂಗಳಿಗೆ ಬರುತ್ತಿದ್ದ 500 ರೂಪಾಯಿ ಪೋಷಣೆಯ ಹಣ ನಿಂತೀತು ಎಂದು ಯಾರೋ ಹೇಳಿದ್ದರಂತೆ. ನಾವು ಕೇಳಿದ್ದು ಕರೆ. ಅವರು ಕೊಟ್ಟದ್ದೂ ಕರೆಯೇ.

ಈ ವ್ಯವಸ್ಥೆಯ ಹೆಸರು 99ಡಾಟ್ಸ್. ಹುಟ್ಟಿದ್ದು ಬೆಂಗಳೂರಿನಲ್ಲೇ, ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಬಿಲ್ ಥೀಸ್ ಮತ್ತು ಅವರ ಜೊತೆಗಾರರ ಕೈಯಲ್ಲಿ. ಮಾತ್ರೆಯ ಸ್ಟ್ರಿಪ್ಪಿಗೆ ಒಂದು ಕಾಗದದ ಹೊದಿಕೆ ಅಂಟಿಸಿರುತ್ತಾರೆ. ಮಾತ್ರೆ ಒತ್ತಿ ಹೊರತೆಗೆದರೆ ಕಾಗದ ಹರಿದು, ಒಳಗೆ ಅಡಗಿದ್ದ ಫೋನ್ ನಂಬರು ಕಾಣುತ್ತದೆ. ಇಂದಿನ ನಂಬರು ಯಾವುದೆಂದು ರೋಗಿಗೆ ಮೊದಲೇ ಗೊತ್ತಿರುವುದಿಲ್ಲ, ಕಂಪ್ಯೂಟರಿಗೆ ಗೊತ್ತಿರುತ್ತದೆ. ಆ ನಂಬರಿಗೆ ಕರೆ ಮಾಡಿದರೆ ಮುಗಿಯಿತು. ಕಾಸು ಖರ್ಚಿಲ್ಲ, ಸ್ಮಾರ್ಟ್‌ಫೋನ್ ಬೇಕಿಲ್ಲ, ಅಕ್ಷರವೂ ಬೇಕಿಲ್ಲ. ಮಿಸ್ ಕಾಲ್ ಕೊಟ್ಟೇ ಅರ್ಧ ವ್ಯವಹಾರ ಮುಗಿಸುತ್ತಿದ್ದ ದೇಶಕ್ಕೆ ಹೇಳಿ ಮಾಡಿಸಿದ ಉಪಾಯ. ಇಲ್ಲಿಂದ ಅದು ಉಗಾಂಡಾ, ತಾಂಜಾನಿಯಾಗಳವರೆಗೂ ಹೋಯಿತು.

ಅದಕ್ಕೂ ಮುಂಚಿನ ಪದ್ಧತಿ ಕಂಡವರಿಗೆ ಇದರ ಬೆಲೆ ಗೊತ್ತು. ಆಗ ವಾರಕ್ಕೆ ಮೂರು ಸಲ ರೋಗಿ ಕೇಂದ್ರಕ್ಕೋ ಅಂಗನವಾಡಿಗೋ ಬಂದು, ಎದುರಿಗೇ ಮಾತ್ರೆ ನುಂಗಿ, ನೀರು ಕುಡಿದು ತೋರಿಸಬೇಕಿತ್ತು. ದಿನಗೂಲಿಯವನಿಗೆ ಅದು ಅರ್ಧ ದಿನದ ಕೂಲಿಗೆ ಕಲ್ಲು. 2017ರಿಂದ ದೇಶದಾದ್ಯಂತ ದಿನಾ ಮಾತ್ರೆ ಎಂದಾದ ಮೇಲಂತೂ ಆರು ತಿಂಗಳು ಯಾರು ಯಾರ ಮುಂದೆ ನುಂಗಬೇಕು? ಹಾಗಾಗಿ ಕರೆಯ ಉಪಾಯವನ್ನು ನಾನೂ ಖುಷಿಯಿಂದಲೇ ಒಪ್ಪಿಕೊಂಡಿದ್ದೆ.

ಆಮೇಲೆ ಚೆನ್ನೈ, ವೆಲ್ಲೂರು, ಮುಂಬೈಗಳಲ್ಲಿ ಒಂದು ಅಧ್ಯಯನ ನಡೆಯಿತು. ಎಚ್‌ಐವಿ ಜೊತೆಗೆ ಕ್ಷಯವೂ ಇದ್ದವರ ಮನೆಗೆ ಹೇಳದೆ ಹೋಗಿ ಮೂತ್ರ ಪರೀಕ್ಷಿಸಿದರು. ಕ್ಷಯದ ಮಾತ್ರೆಯಲ್ಲಿರುವ ಐಸೋನಿಯಾಜಿಡ್ ಎಂಬ ಔಷಧಿ ನುಂಗಿದ್ದರೆ ಅದರ ಸುಳಿವು ಮೂತ್ರದಲ್ಲಿ ಸಿಗುತ್ತದೆ. ಫಲಿತಾಂಶವನ್ನು ಕರೆಗಳ ಪಟ್ಟಿಯ ಪಕ್ಕ ಇಟ್ಟು ನೋಡಿದರೆ, ಮಾತ್ರೆ ತೆಗೆದುಕೊಂಡಿದ್ದ 10 ಜನರಲ್ಲಿ ಸುಮಾರು 3 ಜನ ಕರೆಯನ್ನೇ ಮಾಡಿರಲಿಲ್ಲ. ತೆಗೆದುಕೊಳ್ಳದ 10 ಜನರಲ್ಲಿ ಸುಮಾರು 4 ಜನ ಕರೆ ಮಾಡಿದ್ದರು. ನಮ್ಮ ಹಮಾಲರು ಒಂಟಿಯಾಗಿರಲಿಲ್ಲ. ಉಗಾಂಡಾದ 18 ಆರೋಗ್ಯ ಕೇಂದ್ರಗಳಲ್ಲಿ ನಡೆದ ಪ್ರಯೋಗದಲ್ಲೂ 99ಡಾಟ್ಸ್‌ನಿಂದ ಚಿಕಿತ್ಸೆಯ ಒಟ್ಟಾರೆ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸುಮಾರು ಅರ್ಧದಷ್ಟು ರೋಗಿಗಳನ್ನಷ್ಟೇ ಅದಕ್ಕೆ ಸೇರಿಸಿಕೊಳ್ಳಲು ಆಗಿತ್ತು.

ಫೋನೇ ದಂಡ ಎನ್ನುವವನಲ್ಲ ನಾನು. ಹಾಗನ್ನುವವರಿಗೆ ಕೀನ್ಯಾದ ಕಥೆ ಹೇಳುತ್ತೇನೆ. 2007-08ರಲ್ಲಿ ಅಲ್ಲಿ ಮೂರು ಕ್ಲಿನಿಕ್‌ಗಳಲ್ಲಿ ಎಚ್‌ಐವಿ ಮಾತ್ರೆ ಶುರು ಮಾಡಿದ 538 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೊಂದು ಎಸ್‌ಎಂಎಸ್, ಅದರಲ್ಲಿ ಒಂದೇ ಪದ: 'ಮಾಂಬೊ?'. ಸ್ವಾಹಿಲಿಯಲ್ಲಿ 'ಹೇಗಿದ್ದೀಯ' ಎಂದ ಹಾಗೆ. ನಮ್ಮ 'ಅರಾಮ್ ಅದೀರೇನ್ರಿ' ಅಥವಾ 'ಊಟ ಆಯ್ತಾ?' ಇದ್ದ ಹಾಗೆ. ಎರಡು ದಿನದೊಳಗೆ ಉತ್ತರ ಕೊಡಬೇಕು. 'ಸಾವಾ' ಎಂದರೆ ಪರವಾಗಿಲ್ಲ, 'ಶಿಡಾ' ಎಂದರೆ ಏನೋ ತೊಂದರೆ. ಶಿಡಾ ಎಂದವರಿಗೆ, ಉತ್ತರವನ್ನೇ ಕೊಡದವರಿಗೆ ನರ್ಸ್ ಫೋನ್ ಮಾಡುತ್ತಿದ್ದರು. ಆ ಗುಂಪಿನಲ್ಲಿ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡೆವು ಎಂದವರು ಶೇ. 62, ಮತ್ತೊಂದರಲ್ಲಿ ಶೇ. 50. ಬಾಯಿಮಾತನ್ನು ನಂಬದವರಿಗೆ ರಕ್ತಪರೀಕ್ಷೆಯೂ ಇತ್ತು: ವೈರಸ್ ಹತೋಟಿಗೆ ಬಂದವರು ಶೇ. 57 ಮತ್ತು ಶೇ. 48. ಗಮನಿಸಿ, ಆ ಸಂದೇಶದಲ್ಲಿ ಮಾತ್ರೆಯ ಸುದ್ದಿಯೇ ಇರಲಿಲ್ಲ. ಅದೇ ದೇಶದ ಇನ್ನೊಂದು ಪ್ರಯೋಗದಲ್ಲಿ ವಾರಕ್ಕೊಮ್ಮೆ ನೆನಪಿಸಿದರೆ ಉಪಯೋಗವಾಯಿತು, ದಿನಾ ನೆನಪಿಸಿದರೆ ಆಗಲಿಲ್ಲ. ದಿನಾ ಬರುವ ಸಂದೇಶ ಗೋಡೆ ಗಡಿಯಾರದ ಸದ್ದಿನಂತೆ ಕಿವಿಗೆ ಬೀಳುವುದೇ ನಿಂತುಹೋಗುತ್ತದೆಂದು ಕಾಣುತ್ತದೆ.

ಕಾವಲು ಕಾಯುವುದು ಬೇರೆ, ವಿಚಾರಿಸಿಕೊಳ್ಳುವುದು ಬೇರೆ. 99ಡಾಟ್ಸ್ ಮಾಡಿದವರೂ ಕೆಂಪು ಕಂಡಾಗ ಯಾರಾದರೂ ಮನೆಗೆ ಹೋಗಲಿ ಎಂದೇ ಮಾಡಿದ್ದು. ಹೋಗಬೇಕಾದ ಚಿಕಿತ್ಸಾ ಮೇಲ್ವಿಚಾರಕನಿಗೆ ಒಂದು ಬೈಕು, ನೂರೆಂಟು ಹಳ್ಳಿ, ಸಂಜೆಯೊಳಗೆ ತುಂಬಬೇಕಾದ ನಿಕ್ಷಯ್ ಪೋರ್ಟಲ್, ಅಂದರೆ ಕ್ಷಯರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆ. ಬಣ್ಣ ನೋಡುವುದೇ ಕೆಲಸವಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿ 1963ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಆಗಾಗ ನೆನೆಯುತ್ತೇನೆ. ಕ್ಷಯ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ವಾಪಸ್ ಕಳಿಸಿದ್ದು ಆಸ್ಪತ್ರೆಯ ಕಡೆಯವರು.

ಈಗ ನಮ್ಮಲ್ಲಿ ಹೆಚ್ಚು ಕೆಲಸ ಮಾಡುತ್ತಿರುವುದು, ಯಾರೂ ಯೋಜನೆ ಎಂದು ಕರೆಯದ ವಾಟ್ಸಾಪ್. ಮೇಲ್ವಿಚಾರಕನ ಸ್ವಂತ ಫೋನು, ಸ್ವಂತ ಡೇಟಾ. ಹೊಸ ರೋಗಿ ಮಾತ್ರೆ ಶುರು ಮಾಡಿದ ಮಾರನೆಯ ಬೆಳಗ್ಗೆ ಬರುವ ಮೊದಲ ಫೋಟೋ ಯಾವುದೆಂದು ಈ ಇಲಾಖೆಯವರನ್ನು ಕೇಳಿ, ನಗುತ್ತಾರೆ. ಬಚ್ಚಲಿನದು! ಕ್ಷಯದ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಎಂಬ ಔಷಧಿಯಿಂದ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ರಕ್ತ ಹೋಗುತ್ತಿದೆ ಎಂದು ಹೆದರಿ ಎಷ್ಟೋ ಜನ ಅಲ್ಲಿಗೇ ಮಾತ್ರೆ ಬಿಟ್ಟಿದ್ದಾರೆ. "ಅದು ಗುಳಿಗಿ ಬಣ್ಣ, ಅಂಜಬ್ಯಾಡ್ರಿ" ಎಂದು ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರೆ ಆರು ತಿಂಗಳ ಚಿಕಿತ್ಸೆ ಉಳಿಯುತ್ತದೆ. ಕಂಪ್ಯೂಟರಿನ ನಂಬರಿಗೆ ಈ ಫೋಟೋ ಯಾರು ಕಳಿಸುತ್ತಾರೆ? ಹಾಗೆಂದು ಊರಿನ ಗ್ರೂಪಿನಲ್ಲಿ ರೋಗಿಗಳ ಹೆಸರು ಹಾಕುವವರೂ ಇದ್ದಾರೆ. ಅದನ್ನು ಕಂಡಾಗಲೆಲ್ಲ ಜಗಳ ಮಾಡಿದ್ದೇನೆ.

ಹಮಾಲರಿಗೆ ಊಟವಾದ ಮೇಲೆ ನುಂಗಲು ಹೇಳಿ, ವಾಂತಿ ನಿಲ್ಲುವ ಮಾತ್ರೆ ಕೊಟ್ಟೆವು. ಅಷ್ಟರಲ್ಲಿ ಅವರು ಬೆಂಗಳೂರಿಗೆ ಗುಳೆ ಹೋದರು. ಸಿಮ್ಮು ಬದಲಾಯಿತು, ಪುಟ ಪೂರ್ತಿ ಕೆಂಪಾಯಿತು. ಕೊನೆಗೆ ಅವರನ್ನು ಹುಡುಕಿಕೊಟ್ಟದ್ದು ಆಶಾ ಕಾರ್ಯಕರ್ತೆ, ಕಟ್ಟಡದ ಮೇಸ್ತ್ರಿಯ ನಂಬರಿನಿಂದ. ಅಂದಿನಿಂದ ನಮ್ಮ ಚಿಕಿತ್ಸಾ ಕಾರ್ಡಿನಲ್ಲಿ ಮೂರು ನಂಬರು ಬರೆಯುತ್ತೇವೆ: ರೋಗಿಯದು, ಮನೆಯವರದು, ಮೇಸ್ತ್ರಿಯದು. ಮೇಸ್ತ್ರಿಗೆ ಫೋನ್ ಹಚ್ಚಿದಾಗ ಟಿಬಿ ಎನ್ನುವ ಮಾತು ಬಾಯಿಗೆ ಬರಬಾರದು, ಕೂಲಿ ಹೋಗುತ್ತದೆ. "ಊರಿಂದ ಮಾತಾಡ್ಲಿಕ್ಕತ್ತೀವ್ರಿ, ಅಣ್ಣಗ ಒಂದೀಟು ಫೋನ್ ಕೊಡ್ರಿ" ಎಂದಷ್ಟೇ ಹೇಳಬೇಕು.