ವರ್ಷಗಟ್ಟಲೆ ಸುಳಿವಿಲ್ಲದವರನ್ನು ಸಾಮಾನ್ಯ ಜನ ಪತ್ತೆ ಹಚ್ಚುವುದು ಹೇಗೆ?

ಪ್ರಶ್ನೆ: ಪೊಲೀಸರಿಗೇ ಬಗೆಹರಿಯದ ಹಳೇ ನಾಪತ್ತೆ ಪ್ರಕರಣಗಳಲ್ಲಿ ನಮ್ಮಂಥವರು ಮಾಡುವುದಾದರೂ ಏನಿದೆ?

ಉತ್ತರ: ತುಂಬಾ ಇದೆ. ಎಷ್ಟೋ ಸಲ ಕಾಣೆಯಾದವರ ದೂರು ಒಂದು ಠಾಣೆಯಲ್ಲಿ, ಗುರುತು ಸಿಗದ ಶವದ ಕಡತ ಇನ್ನೊಂದು ಠಾಣೆಯಲ್ಲಿ ಉಳಿದುಬಿಟ್ಟಿರುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಬೇಕು.

ಅಮೆರಿಕದ ಕೆಂಟಕಿ ರಾಜ್ಯದ ಜಾರ್ಜ್‌ಟೌನ್ ಬಳಿ 1968ರಲ್ಲಿ ಕ್ಯಾನ್ವಾಸ್ ಬಟ್ಟೆಯಲ್ಲಿ ಸುತ್ತಿದ್ದ ಯುವತಿಯ ಶವ ಸಿಕ್ಕಿತು. ಹೆಸರು ತಿಳಿಯದೆ ಸಮಾಧಿ ಕಲ್ಲಿನ ಮೇಲೆ ‘ಟೆಂಟ್ ಗರ್ಲ್’ ಎಂದು ಕೆತ್ತಿಸಿದರು. ಆ ಶವವನ್ನು ಮೊದಲು ಕಂಡವರ ಅಳಿಯ ಟಾಡ್ ಮ್ಯಾಥ್ಯೂಸ್, ಟೆನೆಸಿಯ ಕಾರ್ಖಾನೆ ಕೆಲಸಗಾರ, ವರ್ಷಗಟ್ಟಲೆ ಇದರ ಬೆನ್ನು ಬಿಡಲಿಲ್ಲ. ಕೊನೆಗೆ 1998ರಲ್ಲಿ ಇಂಟರ್‌ನೆಟ್‌ನಲ್ಲಿ ಮಹಿಳೆಯೊಬ್ಬರು ತಮ್ಮ ಸೋದರಿಯನ್ನು ಹುಡುಕುತ್ತಾ ಬರೆದದ್ದು ಅವರ ಕಣ್ಣಿಗೆ ಬಿತ್ತು. ಸೋದರಿ ಕಾಣೆಯಾಗಿದ್ದು 1967ರ ಕೊನೆಗೆ, ಜಾರ್ಜ್‌ಟೌನ್‌ನ ಪಕ್ಕದ ಲೆಕ್ಸಿಂಗ್ಟನ್‌ನಿಂದ! ಶವ ಹೊರತೆಗೆಸಿ ಡಿಎನ್‌ಎ ಪರೀಕ್ಷಿಸಿದಾಗ ತಾಳೆಯಾಯಿತು. ಆಕೆಗೆ 24 ವರ್ಷ, ಮಗುವಿನ ತಾಯಿ. ಪೊಲೀಸರು ಮಾತ್ರ 16ರಿಂದ 19ರ ಹುಡುಗಿ ಎಂದುಕೊಂಡಿದ್ದರು. ವಯಸ್ಸಿನ ಅಂದಾಜು ತಪ್ಪಿದರೆ ಹುಡುಕಾಟವೇ ದಾರಿ ತಪ್ಪುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈಗ ವಂಶವೃಕ್ಷದ ದಾರಿಯೂ ಇದೆ. 2017ರಲ್ಲಿ ಶುರುವಾದ ‘ಡಿಎನ್‌ಎ ಡೋ ಪ್ರಾಜೆಕ್ಟ್’ ಎಂಬ ಅಮೆರಿಕದ ಸಂಸ್ಥೆಯ ಸ್ವಯಂಸೇವಕರು ಅನಾಮಧೇಯ ಶವದ ಡಿಎನ್‌ಎಯನ್ನು ಜನ ತಾವಾಗಿಯೇ ಕೊಟ್ಟ ಮಾದರಿಗಳ ಜತೆ ಹೋಲಿಸಿ, ದೂರದ ಸಂಬಂಧಿಕರಿಂದ ಹಿಂದಕ್ಕೆ ಹೋಗಿ ಮನೆತನ ಹಿಡಿಯುತ್ತಾರೆ. ಓಹಾಯೊದಲ್ಲಿ 1981ರಲ್ಲಿ ಶವವಾಗಿ ಸಿಕ್ಕಿದ್ದ ಯುವತಿಗೆ 2018ರಲ್ಲಿ ಹೆಸರು ಮರಳಿದ್ದು ಹೀಗೆ. ಫ್ಲಾರಿಡಾದಲ್ಲಂತೂ 1997ರಲ್ಲಿ ಕಾಣೆಯಾದವರ ಕಾರು 2019ರಲ್ಲಿ ಉಪಗ್ರಹ ಚಿತ್ರದ ಕೊಳವೊಂದರಲ್ಲಿ ಕಂಡಿತು. ಗಮನಿಸಿದ್ದು ಅಲ್ಲಿ ಹಿಂದೆ ವಾಸವಿದ್ದವರು.

ಒಂದು ಮಾತು ಮಾತ್ರ ಕಟ್ಟುನಿಟ್ಟು: ಅನುಮಾನ ಬಂದರೆ ಠಾಣೆಗೆ ತಿಳಿಸಿ, ಜಾಲತಾಣದಲ್ಲಿ ಹೆಸರು ಹಾಕಬೇಡಿ. 2013ರಲ್ಲಿ ಅಮೆರಿಕದ ಬಾಸ್ಟನ್‌ನ ಮ್ಯಾರಥಾನ್ ಓಟದಲ್ಲಿ ಸ್ಫೋಟವಾದಾಗ, ಅದಕ್ಕೂ ಮೊದಲೇ ಕಾಣೆಯಾಗಿದ್ದ ವಿದ್ಯಾರ್ಥಿಯೊಬ್ಬನನ್ನೇ ಜನ ಜಾಲತಾಣದಲ್ಲಿ ಬಾಂಬರ್ ಎಂದರು. ಅವನನ್ನು ಹುಡುಕಲು ಮನೆಯವರು ತೆರೆದ ಪುಟಕ್ಕೆ ಬೈಗುಳ ಸುರಿಯಿತು. ಹುಡುಗ ನಿರಪರಾಧಿ, ಅಷ್ಟರಲ್ಲಿ ತೀರಿಕೊಂಡೂ ಇದ್ದ.

ನಮ್ಮ ಪತ್ರಿಕೆಗಳ ಪ್ರಕಟಣೆಗಳಲ್ಲಿ ‘ಕೋಲುಮುಖ, ಎಣ್ಣೆಗೆಂಪು ಬಣ್ಣ, ಸಾಧಾರಣ ಮೈಕಟ್ಟು’ ಎಂದಿರುತ್ತದೆ. ಈ ಚಹರೆ ಸಾವಿರಾರು ಜನರಿಗೆ ಹೊಂದುತ್ತದೆ. ನಿಮ್ಮವರು ಯಾರಾದರೂ ಕಾಣೆಯಾಗಿದ್ದರೆ ಹಚ್ಚೆ, ಹಳೇ ಗಾಯದ ಕಲೆ, ಮೂಳೆ ಮುರಿದದ್ದು, ಹಲ್ಲು ಕಟ್ಟಿಸಿದ್ದು ದೂರಿನಲ್ಲಿ ಸೇರಿದೆಯೇ ನೋಡಿ. ಇಲ್ಲವಾದರೆ ಎಷ್ಟೇ ವರ್ಷವಾಗಿರಲಿ, ಠಾಣೆಗೆ ಹೋಗಿ ಬರೆಸಿ.