ತೀವ್ರ ಮಧ್ಯಮದ ಮೇಲೆ ಕೂರಬೇಡಿ

ಬ್ಲೂಸ್ ಸ್ಕೇಲ್ ಕಲಿತಿದ್ದೇನೆ ಸರ್ ಅಂತ ಬರುವ ಹುಡುಗರು ಜಾಸ್ತಿಯಾಗಿದ್ದಾರೆ. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಸಂಗೀತ, ಅದರ ಆರು ಸ್ವರದ ಪಟ್ಟಿಯೇ ಈ ಸ್ಕೇಲ್. ಬಳ್ಳಾರಿಯಲ್ಲಿ ಇದನ್ನು ಕೇಳುವವರಿದ್ದಾರೆ ಅನ್ನುವುದೇ ನನಗೆ ಖುಷಿ. ಆದರೆ ಕೀಬೋರ್ಡ್ ಮುಂದೆ ಕೂತ ಕೂಡಲೇ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಆರು ಸ್ವರ ಸರಸರ ಓಡಿಸಿ, ಶುದ್ಧ ಮಧ್ಯಮಕ್ಕೂ ಪಂಚಮಕ್ಕೂ ನಡುವಿನ ತೀವ್ರ ಮಧ್ಯಮದ ಮೇಲೆ ಹೋಗಿ ಕೂತುಬಿಡುತ್ತಾರೆ. ‘ಇದೇ ಅಲ್ವಾ ಸರ್ ಬ್ಲೂ ನೋಟ್?’ ಹೌದಪ್ಪಾ, ಬ್ಲೂಸ್‌ಗೆ ಅದರ ಬಣ್ಣ ಕೊಡುವ ಸ್ವರ, ಅದೇ. ಅದಕ್ಕೇ ಅಲ್ಲಿ ಕೂರಬಾರದು.

ಕೀಬೋರ್ಡಿನ ಬಿಳಿ ಒಂದನ್ನು, ಅಂದರೆ ಸಿ ಮನೆಯನ್ನು, ಷಡ್ಜ ಮಾಡಿಕೊಳ್ಳಿ. ಆಮೇಲೆ ಕಪ್ಪು ಎರಡು, ಬಿಳಿ ನಾಲ್ಕು, ಕಪ್ಪು ಮೂರು, ಬಿಳಿ ಐದು, ಕಪ್ಪು ಐದು. ಅಂದರೆ ಕೋಮಲ ಗಂಧಾರ, ಎರಡೂ ಮಧ್ಯಮ, ಪಂಚಮ, ಕೋಮಲ ನಿಷಾದ. ತೀವ್ರ ಮಧ್ಯಮ ತೆಗೆದರೆ ಉಳಿಯುವುದು ಹಿಂದೂಸ್ತಾನಿಯ ಧಾನಿ ರಾಗದ ಸ್ವರಗಳು. ಸ್ವರ ಮಾತ್ರ ಒಂದೇ, ನಡೆ ಬೇರೆ.

ತೀವ್ರ ಮಧ್ಯಮ ಇಲ್ಲಿ ದಾರಿಯ ಸ್ವರ. ಶುದ್ಧ ಮಧ್ಯಮದಿಂದ ಪಂಚಮಕ್ಕೆ ಹೋಗುವಾಗ, ಬರುವಾಗ ಮುಟ್ಟಿ ಸಾಗಬೇಕು. ಎಡಗೈಯಲ್ಲಿ ಸಿ ಸೆವೆಂತ್ ಕಾರ್ಡ್ (ಷಡ್ಜ, ಶುದ್ಧ ಗಂಧಾರ, ಪಂಚಮ, ಕೋಮಲ ನಿಷಾದ ಒಟ್ಟಿಗೆ) ಹಿಡಿದು ಬಲಗೈಯಲ್ಲಿ ಕಪ್ಪು ಮೂರು ಒತ್ತಿ ನೋಡಿ. ಕಾರ್ಡಿನಲ್ಲಿ ಪಂಚಮ ಇದೆ, ಅದರ ಪಕ್ಕದಲ್ಲೇ ಇದು ತಿಕ್ಕಾಡುತ್ತದೆ. ಈಗ ಬೆರಳು ಎತ್ತದೆ ಅದನ್ನೇ ಬಿಳಿ ಐದಕ್ಕೆ ಜಾರಿಸಿ. ಹಾಯ್ ಅನ್ನಿಸುತ್ತದೆ, ಅಲ್ವಾ? ಬ್ಲೂಸ್ ಇರುವುದು ಆ ಜಾರಿನಲ್ಲಿ. ಪಳಗಿದವರು ಬೇಕಂತಲೇ ಅಲ್ಲಿ ಹಿಡಿದು ನಿಲ್ಲುವುದೂ ಉಂಟು. ಎಲ್ಲಿ ಬಿಡಬೇಕು ಅಂತ ಅವರಿಗೆ ಗೊತ್ತಿರುತ್ತದೆ.

ಸಿರುಗುಪ್ಪ ಕಡೆಯಿಂದ ಮಗನನ್ನು ಕರೆತರುತ್ತಿದ್ದ ಒಬ್ಬ ಹಿರಿಯರು ಭಜನೆಗೆ ಹಾರ್ಮೋನಿಯಂ ಹಿಡಿಯುವವರು. ಬ್ಲೂಸ್ ಅನ್ನುವ ಹೆಸರೂ ಕೇಳಿದವರಲ್ಲ. ಮಗ ನುಡಿಸುತ್ತಿದ್ದಾಗ ಬಾಗಿಲಲ್ಲೇ ಕೂತು, ‘ಅಲ್ಯಾಕ ನಿಂತೀಯೋ ತಮ್ಮಾ, ಪಂಚಮಕ್ಕ ಹೋಗು’ ಅಂದರು. ನಾನು ಹೇಳಬೇಕಿದ್ದದ್ದೂ ಅಷ್ಟೇ.

ಗಂಧಾರಕ್ಕೂ ಇದೇ ಮಾತು. ಸಿ ಸೆವೆಂತ್‌ನಲ್ಲಿರುವುದು ಶುದ್ಧ ಗಂಧಾರ, ನೀವು ನುಡಿಸುವುದು ಕೋಮಲ. ತಪ್ಪಲ್ಲ, ಆ ಎಳೆದಾಟ ಬೇಕು. ಹಾಡುವವರ ಗಂಧಾರ ಎರಡರ ನಡುವೆ ಎಲ್ಲೋ ಇರುತ್ತದೆ. ಕೀಬೋರ್ಡಿನಲ್ಲಿ ಆ ಜಾಗಕ್ಕೆ ಮನೆಯೇ ಇಲ್ಲ, ಹಾಗಾಗಿ ಕಪ್ಪು ಎರಡರಿಂದ ಬಿಳಿ ಮೂರಕ್ಕೆ ಜಾರುತ್ತೇವೆ. ಬ್ಲೂಸ್‌ನ ಒಂದು ಸುತ್ತಿಗೆ 12 ಬಾರ್, ಅಂದರೆ ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ತುಂಡು. ಐದನೇ ಬಾರ್‌ನಲ್ಲಿ ಎಫ್ ಸೆವೆಂತ್ ಕಾರ್ಡ್ ಬಂದಾಗ ಕೋಮಲ ಗಂಧಾರ ಆ ಕಾರ್ಡಿನೊಳಗೇ ಇರುತ್ತದೆ. ಆಗ ಜಾರಬೇಡಿ, ಅಲ್ಲೇ ನಿಲ್ಲಿ.

ಗಿಟಾರಿನವರಿಗೆ ತಂತಿ ಎಳೆದು ಆ ನಡುವಿನ ಜಾಗ ಮುಟ್ಟುವ ಅನುಕೂಲ ಇದೆ. ಬ್ಲೂಸ್ ಗಿಟಾರಿಸ್ಟ್ ಬಿ. ಬಿ. ಕಿಂಗ್ ನುಡಿಸಿದ್ದನ್ನು ಕೇಳಿ. 1925ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿ, ಹತ್ತಿ ಹೊಲದಲ್ಲಿ ದುಡಿದು ಬೆಳೆದವರು. ಒಂದೇ ಸ್ವರ ಹಿಡಿದು ಅಲುಗಿಸಿದರೂ ಅದು ಅವರದೇ ಅಂತ ಗೊತ್ತಾಗುತ್ತದೆ. ಕಪ್ಪು ಜನ ಹಾಡಿದ್ದು ಮೊದಲು, ಆರು ಸ್ವರದ ಪಟ್ಟಿ ಬಂದದ್ದು ಆಮೇಲೆ. ನಮ್ಮ ಹುಡುಗರು ಪಟ್ಟಿ ಮೊದಲು ಕಲಿತು ಕೇಳುವುದನ್ನೇ ಬಿಡುತ್ತಾರೆ ಅನ್ನುವುದು ನನ್ನ ಸಂಕಟ.

ಗಣಪತಿ ಹಬ್ಬದ ಆರ್ಕೆಸ್ಟ್ರಾಕ್ಕೆ ತಯಾರಾಗುವ ಅವಸರದವರಿಗೂ ನಾನು ಕೊಡುವ ಅಭ್ಯಾಸ ಇದೇ. ಎಡಗೈಯಲ್ಲಿ 12 ಬಾರ್‌ನ ಕಾರ್ಡ್ ನಿಧಾನಕ್ಕೆ ಹಾಕಿ: ನಾಲ್ಕು ಬಾರ್ ಸಿ, ಎರಡು ಎಫ್, ಎರಡು ಸಿ, ಒಂದು ಜಿ, ಒಂದು ಎಫ್, ಎರಡು ಸಿ. ಮೊದಲ ವಾರ ತೀವ್ರ ಮಧ್ಯಮ ಮುಟ್ಟಲೇಬೇಡಿ. ಬಾಯಲ್ಲಿ ಹಾಡಿ, ಹಾಡಿದ್ದನ್ನೇ ನುಡಿಸಿ. ಆಮೇಲೆ ಆ ತೀವ್ರ ಮಧ್ಯಮವನ್ನು ಒಂದು ಸುತ್ತಿಗೆ ಒಂದೇ ಸಲ ಸೇರಿಸಿ, ಪಂಚಮಕ್ಕೆ ಹೋಗುವಾಗ ಮಾತ್ರ.