ಅಗ್ಗದ ಟಿಕೆಟ್ ಮಾರುವ ಏರ್‌ಲೈನ್‌ಗೆ ದೊಡ್ಡ ಹೊಸ ವಿಮಾನ ಯಾಕೆ ಬೇಕು?

ಓದುಗರ ಪ್ರಶ್ನೆ: ಕಡಿಮೆ ದರದ ಏರ್‌ಲೈನ್‌ಗಳು ಸೀಟು ಆರಿಸಿಕೊಳ್ಳಲು, ಬ್ಯಾಗ್ ಹಾಕಲು, ಎಲ್ಲದಕ್ಕೂ ಬೇರೆ ದುಡ್ಡು ಕೇಳುತ್ತವೆ. ಅಂಥವು ಕೋಟಿಗಟ್ಟಲೆ ಸುರಿದು ಹೊಸದಾದ, ಇನ್ನೂ ದೊಡ್ಡದಾದ ವಿಮಾನ ಕೊಳ್ಳುವುದೇಕೆ? ಹಳೇ ವಿಮಾನ ಅಗ್ಗಕ್ಕೆ ಸಿಗುತ್ತದೆ ಅಲ್ವಾ?

ಸಿಗುತ್ತದೆ. ಅದನ್ನೇ ನಂಬಿ ಬೆಳೆದ ಕಂಪನಿಯೂ ಇದೆ. ಅಮೆರಿಕದ ಅಲೀಜಿಯಂಟ್ ಬಹಳ ವರ್ಷ ಹಳೇ ಎಂಡಿ-80 ವಿಮಾನಗಳನ್ನು ಕೊಂಡು ಹಾರಿಸಿತು. ಅವು ಇಂಧನ ಜಾಸ್ತಿ ಕುಡಿಯುತ್ತಿದ್ದವು. ಆದರೆ ಅವುಗಳ ಮೇಲೆ ದೊಡ್ಡ ಸಾಲ ಇರಲಿಲ್ಲ. ಹಾಗಾಗಿ ಜನ ಇರುವ ದಿನ ಹಾರಿಸಿ, ಇಲ್ಲದ ದಿನ ಸುಮ್ನೆ ನಿಲ್ಲಿಸಿದರೂ ನಡೆಯುತ್ತಿತ್ತು. 2018ರಲ್ಲಿ ಕೊನೆಯ ಎಂಡಿ-80 ನಿವೃತ್ತಿಯಾಯಿತು. 2022ರ ಜನವರಿಯಲ್ಲಿ ಅದೇ ಕಂಪನಿ 50 ಹೊಸ ಬೋಯಿಂಗ್ 737 ಮ್ಯಾಕ್ಸ್ ಖರೀದಿ ಪ್ರಕಟಿಸಿತು.

ಉಳಿದ ಅಗ್ಗದ ಏರ್‌ಲೈನ್‌ಗಳ ದಾರಿ ಬೇರೆ. ಅವು ವಿಮಾನವನ್ನು ಬೆಳಗಿನಿಂದ ರಾತ್ರಿವರೆಗೂ ಓಡಿಸುತ್ತವೆ. ಕೊಳ್ಳುವ ಖರ್ಚು ಒಂದು ಸಲದ್ದು, ಇಂಧನದ ಖರ್ಚು ದಿನಾ ಇರುವಂಥದ್ದು. ಏರ್‌ಬಸ್ ಎ320 ನಿಯೋದಂಥ ಹೊಸ ತಲೆಮಾರಿನ ವಿಮಾನ ಹಳೆಯದಕ್ಕಿಂತ ಶೇ 15ರಷ್ಟು ಕಡಿಮೆ ಇಂಧನ ಸುಡುತ್ತದೆ. ಹೆಚ್ಚು ಹೊತ್ತು ಹಾರಿದಷ್ಟೂ ಈ ಉಳಿತಾಯ ಬೆಳೆಯುತ್ತದೆ. ಜೊತೆಗೆ, ನೂರಾರು ವಿಮಾನ ಒಟ್ಟಿಗೆ ಕೊಳ್ಳುವವರಿಗೆ ಬೆಲೆಯಲ್ಲಿ ಭಾರೀ ಕಡಿತ ಸಿಗುತ್ತದೆ. ಐರ್ಲೆಂಡಿನ ಅಗ್ಗದ ಏರ್‌ಲೈನ್ ರಾಯನ್‌ಏರ್ 100 ವಿಮಾನಗಳ ದೊಡ್ಡ ಆರ್ಡರ್ ಕೊಟ್ಟದ್ದು 2002ರ ಜನವರಿಯಲ್ಲಿ. ಆಗ 2001ರ ಸೆಪ್ಟೆಂಬರ್ ದಾಳಿಯ ಪೆಟ್ಟಿಗೆ ಬೇರೆಯವರೆಲ್ಲ ಕೈ ಬಿಗಿ ಹಿಡಿದಿದ್ದರು. ಹಲವು ಕಂಪನಿಗಳು ಕೈಗೆ ಬಂದ ವಿಮಾನವನ್ನು ಲೀಸ್ ಕಂಪನಿಗೆ ಮಾರಿ, ಅದನ್ನೇ ಬಾಡಿಗೆಗೆ ಪಡೆಯುತ್ತವೆ. ಕಟ್ಟಿದ ದುಡ್ಡು ಹೀಗೆ ಬೇಗ ವಾಪಸ್ ಬರುತ್ತದೆ.

ಇನ್ನು ದೊಡ್ಡ ವಿಮಾನದ ವಿಷಯ. ಇಲ್ಲಿ ‘ದೊಡ್ಡದು’ ಅನ್ನುವುದಕ್ಕೆ ಎರಡು ಅರ್ಥ ಇದೆ.

ಒಂದು, ಅದೇ ವಿಮಾನದ ಉದ್ದನೆಯ ಅಣ್ಣ. ಬ್ರಿಟನ್ನಿನ ಅಗ್ಗದ ಏರ್‌ಲೈನ್ ಈಸಿಜೆಟ್‌ನ ಏರ್‌ಬಸ್ ಎ319ರಲ್ಲಿ 156 ಸೀಟು, ಎ320 ನಿಯೋದಲ್ಲಿ 186, ಎ321 ನಿಯೋದಲ್ಲಿ 235. ಮೂರೂ ಒಂದೇ ಕುಟುಂಬದವು. ರೆಕ್ಕೆಯ ಅಗಲ 36 ಮೀಟರ್ ಒಳಗೇ ಇರುವುದರಿಂದ ಅದೇ ಗೇಟಿನಲ್ಲಿ ನಿಲ್ಲುತ್ತವೆ. ಅದೇ ಪೈಲಟ್‌ಗಳು ಹಾರಿಸಬಹುದು, ಕಾಕ್‌ಪಿಟ್‌ನಲ್ಲಿ ಇಬ್ಬರೇ ಸಾಕು. ಒಂದು ಟ್ರಿಪ್ಪಿನ ಖರ್ಚು ಸ್ವಲ್ಪ ಏರುತ್ತದೆ, ಸೀಟುಗಳು ತುಂಬಾ ಏರುತ್ತವೆ. ಲಂಡನ್ನಿನ ಗ್ಯಾಟ್‌ವಿಕ್‌ನಂಥ ಕಡೆ ಈ ಲಾಭ ಇನ್ನೂ ಜಾಸ್ತಿ. ಒಂದೇ ರನ್‌ವೇ ನಂಬಿ ನಡೆಯುವ ಅಲ್ಲಿ ಹೊಸ ಸ್ಲಾಟ್, ಅಂದರೆ ವಿಮಾನ ಇಳಿಯಲು, ಏರಲು ಗೊತ್ತುಮಾಡಿದ ಸಮಯ, ಸಿಗುವುದು ಕಷ್ಟ. ಇರುವ ಸ್ಲಾಟಿನಲ್ಲೇ ಹೆಚ್ಚು ಜನರನ್ನು ಕೂರಿಸಬೇಕು.

ಒಂದೊಂದು ಸೀಟಿನ ಹಿಂದೆಯೂ ಎಷ್ಟು ಯೋಚನೆ ಇರುತ್ತದೆ ನೋಡಿ. ಪ್ರತಿ 50 ಸೀಟಿಗೆ ಒಬ್ಬ ಕ್ಯಾಬಿನ್ ಸಿಬ್ಬಂದಿ ಇರಲೇಬೇಕು ಅನ್ನುವುದು ಯುರೋಪ್, ಅಮೆರಿಕಗಳ ನಿಯಮ. ರಾಯನ್‌ಏರ್‌ನ ಬೋಯಿಂಗ್ 737-8200ರಲ್ಲಿ ಇರುವುದು 197 ಸೀಟು. 200 ದಾಟಿಲ್ಲ, ನಾಲ್ವರು ಸಾಕು. ಅದೇ ಕಂಪನಿ 2023ರಲ್ಲಿ ಆರ್ಡರ್ ಮಾಡಿದ ಮ್ಯಾಕ್ಸ್ 10ರಲ್ಲಿ 228 ಸೀಟು. ಅಂದರೆ ಐದನೆಯವರು ಬೇಕು. ಅವರ ಸಂಬಳವನ್ನು ಹೆಚ್ಚಿನ 31 ಸೀಟುಗಳೇ ದುಡಿಯಬೇಕು.

ಎರಡನೇ ಅರ್ಥ, ಅಗಲ ಹೊಟ್ಟೆಯ, ಖಂಡ ದಾಟುವ ವಿಮಾನ. ನನ್ನ ಪ್ರಕಾರ ಅಪಾಯ ಇರುವುದು ಇಲ್ಲೇ. ಚಿಕ್ಕ ಮಾರ್ಗದ ವಿಮಾನ ದಿನಕ್ಕೆ ಆರೇಳು ಸಲ ಹಾರಿ ಸಂಜೆ ತನ್ನ ನೆಲೆಗೆ ಮರಳುತ್ತದೆ. ದೂರದ್ದು ದಿನಕ್ಕೆ ಒಂದೆರಡು ಸಲ ಅಷ್ಟೇ. ಸಿಬ್ಬಂದಿಗೆ ಹೊರಗೆ ವಸತಿ, ಬೇರೆ ತರಬೇತಿಯ ಪೈಲಟ್‌ಗಳು, ಬೇರೆ ಬಿಡಿಭಾಗಗಳು, ಅಗಲವಾದ ಗೇಟು. ಒಂದು ವಿಮಾನ ಕೆಟ್ಟರೆ ಬದಲಿ ಇರುವುದಿಲ್ಲ. ನಾರ್ವೆಯ ಅಗ್ಗದ ಏರ್‌ಲೈನ್ ನಾರ್ವೇಜಿಯನ್ 2013ರಲ್ಲಿ ಬೋಯಿಂಗ್ 787 ಹಾರಿಸಲು ಶುರು ಮಾಡಿತು. ಎಂಜಿನ್ ತೊಂದರೆ, ಸಾಲದ ಭಾರ, ಆಮೇಲೆ ಕೋವಿಡ್. 2021ರ ಜನವರಿಯಲ್ಲಿ ದೂರದ ಹಾರಾಟವನ್ನೇ ಕೈಬಿಟ್ಟಿತು. ಹಾಗಂತ ಎಲ್ಲರೂ ಸೋತಿಲ್ಲ. ಫಿಲಿಪ್ಪೀನ್ಸ್‌ನ ಸೆಬು ಪೆಸಿಫಿಕ್ ಒಂದೇ ಎ330 ನಿಯೋದಲ್ಲಿ 459 ಸೀಟು ಹಾಕಿ, ಜನದಟ್ಟಣೆಯ ಮಾರ್ಗಗಳಲ್ಲಿ ಓಡಿಸುತ್ತಿದೆ. 2024ರಲ್ಲಿ ಸೇವೆಗೆ ಬಂದ ಎ321 ಎಕ್ಸ್‌ಎಲ್‌ಆರ್ ನಡುವಿನ ದಾರಿ. ದೇಹ ಸಣ್ಣದು, ಆದರೆ 8,700 ಕಿ.ಮೀ. ಹಾರಬಲ್ಲದು.

ಹೊಸದು ಅಂದರೆ ತಾಪತ್ರಯ ಇಲ್ಲ ಅಂತಲೂ ಅಲ್ಲ. ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಎಂಜಿನ್‌ಗಳ ಭಾಗ ಮಾಡಲು ಬಳಸಿದ ಲೋಹದ ಪುಡಿಯಲ್ಲಿನ ದೋಷ 2023ರಲ್ಲಿ ಹೊರಬಿತ್ತು. ತಪಾಸಣೆಗಾಗಿ ನೂರಾರು ಹೊಸ ವಿಮಾನಗಳು ನೆಲ ಹಿಡಿದವು. ನಿಂತ ವಿಮಾನಕ್ಕೂ ಬಾಡಿಗೆ ಕಟ್ಟಬೇಕು. ಅಲೀಜಿಯಂಟ್‌ನ ಹಳೇ ವಿಮಾನಗಳಿಗೆ ಆ ಕಾಟ ಇರಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಖಾಲಿ ಸೀಟಿನ ಲೆಕ್ಕ. ಇನ್ನೂ 50 ಜನ ಬರಬೇಕೆಂದರೆ ಟಿಕೆಟ್ ದರ ಇಳಿಸಬೇಕು. ಅದು ಆ 50 ಜನರಿಗಷ್ಟೇ ನಿಲ್ಲುವುದಿಲ್ಲ, ಉಳಿದವರ ದರವನ್ನೂ ಎಳೆಯುತ್ತದೆ. ದೊಡ್ಡ ಊರುಗಳ ನಡುವೆ ಜನ ಸಿಗುತ್ತಾರೆ. ಸಣ್ಣ ಊರಿನ ಮಾರ್ಗದಲ್ಲಿ 156 ಸೀಟು ತುಂಬಬಹುದು, 235 ತುಂಬುವುದು ಕಷ್ಟ. ಆಗ ದಿನಕ್ಕೆ ಎರಡು ಇದ್ದ ಹಾರಾಟ ಒಂದಾಗುತ್ತದೆ. ಬೆಳಗ್ಗೆ ಹೋಗಿ ಸಂಜೆ ಬರುತ್ತಿದ್ದವರು ಅಲ್ಲೇ ಒಂದು ರಾತ್ರಿ ಉಳಿಯಬೇಕಾಗುತ್ತದೆ.